ನಡುವರ್ಷದ ಸ್ಥಳಾಂತರ, ನಿವೃತ್ತಿಯ ಹಣ ಮತ್ತು ರಾಜ್ಯ ತೆರಿಗೆ: ಅಮೆರಿಕದಲ್ಲಿ ಇನ್ನೂ ಮುಗಿಯದ ಕೆಲಸ

ನಿವೃತ್ತಿಯ ನಂತರ ಕುಟುಂಬವೊಂದು ಕೈಗೊಳ್ಳುವ ಮೊದಲ ದೊಡ್ಡ ನಿರ್ಧಾರ ಇನ್ನು ಮುಂದೆ ಎಲ್ಲಿ ನೆಲೆಸಬೇಕೆಂಬುದು. ಮಗಳಿರುವ ಊರು, ಖರ್ಚು ಕಡಿಮೆಯಿರುವ ಊರು, ಒಳ್ಳೆಯ ಆಸ್ಪತ್ರೆ ಹತ್ತಿರವಿರುವ ಊರು, ಹೀಗೆ ಆಯ್ಕೆಯ ಕಾರಣಗಳು ಹಲವು. ಭಾರತದಲ್ಲಿ ಈ ಆಯ್ಕೆಗೂ ಆದಾಯ ತೆರಿಗೆಗೂ ಯಾವ ಸಂಬಂಧವೂ ಇಲ್ಲ. ಮೈಸೂರಿನಲ್ಲಿ ನಿವೃತ್ತರಾದ ಬ್ಯಾಂಕ್ ಅಧಿಕಾರಿಯೊಬ್ಬರು ಸೆಪ್ಟೆಂಬರ್ ತಿಂಗಳಲ್ಲಿ ಪುಣೆಗೋ ಕೊಯಮತ್ತೂರಿಗೋ ಮನೆ ಬದಲಿಸಿದರೆ ಅವರ ಪಿಂಚಣಿಯ ಮೇಲಿನ ತೆರಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗುವುದಿಲ್ಲ.

ಇದಕ್ಕೆ ಕಾರಣ ಸಂವಿಧಾನದಲ್ಲಿದೆ. ಕೃಷಿ ಆದಾಯವನ್ನು ಹೊರತುಪಡಿಸಿ ಉಳಿದ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 82ನೇ ನಮೂದು ಕೇಂದ್ರಕ್ಕೆ ನೀಡಿದೆ. ರಾಜ್ಯ ಪಟ್ಟಿಯ 46ನೇ ನಮೂದಿನಡಿ ರಾಜ್ಯಗಳಿಗೆ ದಕ್ಕಿರುವುದು ಕೃಷಿ ಆದಾಯ ಮಾತ್ರ. ರಾಜ್ಯಗಳು ವಿಧಿಸುವ ವೃತ್ತಿ ತೆರಿಗೆಗೂ 276ನೇ ವಿಧಿಯು ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹಾಕಿದೆ. ಮೇಲಾಗಿ ಅದು ವೃತ್ತಿ, ವ್ಯಾಪಾರ ಹಾಗೂ ಉದ್ಯೋಗಗಳ ಮೇಲಿನ ತೆರಿಗೆಯೇ ಹೊರತು ಪಿಂಚಣಿಯ ಮೇಲಿನದಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ವ್ಯವಸ್ಥೆ ಇದಕ್ಕೆ ತೀರ ಭಿನ್ನವಾದುದು. ಅಲ್ಲಿ ಒಕ್ಕೂಟ ಸರ್ಕಾರವೂ ಆದಾಯ ತೆರಿಗೆ ವಿಧಿಸುತ್ತದೆ, ಬಹುಪಾಲು ರಾಜ್ಯಗಳೂ ಪ್ರತ್ಯೇಕವಾಗಿ ವಿಧಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ ದರ ಶೇ. 13.3ರಷ್ಟಿದ್ದರೆ ಟೆಕ್ಸಾಸ್, ಫ್ಲೋರಿಡಾ, ನೆವಾಡಾಗಳಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ. ಇಲಿನಾಯ್ ರಾಜ್ಯವು ಸಂಬಳಕ್ಕೆ ತೆರಿಗೆ ಹಾಕಿದರೂ ಮಾನ್ಯತೆ ಪಡೆದ ನಿವೃತ್ತಿ ಯೋಜನೆಗಳ ಹಣವನ್ನು ಬಿಟ್ಟುಬಿಡುತ್ತದೆ. ನ್ಯೂಯಾರ್ಕ್ ರಾಜ್ಯವು ಐವತ್ತೊಂಬತ್ತೂವರೆ ವರ್ಷ ದಾಟಿದವರ ಖಾಸಗಿ ಪಿಂಚಣಿಯಲ್ಲಿ 20,000 ಡಾಲರ್‌ವರೆಗೆ ವಿನಾಯಿತಿ ಕೊಡುತ್ತದೆ. ಹೀಗಾಗಿ ಅದೇ ಪಿಂಚಣಿ, ಅದೇ ವ್ಯಕ್ತಿ, ಆದರೆ ವಿಳಾಸ ಬದಲಾದೊಡನೆ ತೆರಿಗೆಯೂ ಬದಲು.

ಇಂಜಿನಿಯರುಗಳು, ವೈದ್ಯರು, ಪ್ರಾಧ್ಯಾಪಕರಾಗಿ ದಶಕಗಳ ಹಿಂದೆ ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ತಲೆಮಾರು ಈಗ ನಿವೃತ್ತಿಯ ವಯಸ್ಸಿನಲ್ಲಿದೆ. ನಮ್ಮ ವಾಣಿಜ್ಯ ವಲಯದ ಅನೇಕ ಕುಟುಂಬಗಳಲ್ಲಿ ಅಣ್ಣನೋ, ತಂಗಿಯೋ, ಮಕ್ಕಳೋ ಅಲ್ಲಿದ್ದಾರೆ. ಮನೆ ಬದಲಿಸುವ ಮುನ್ನ ಅವರು ಊರಿನ ಲೆಕ್ಕಪರಿಶೋಧಕರಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು. ಆದುದರಿಂದ ವರ್ಷದ ನಡುವೆ ರಾಜ್ಯ ಬದಲಿಸಿದಾಗ ನಿವೃತ್ತಿಯ ಹಣಕ್ಕೆ ಏನಾಗುತ್ತದೆಂಬ ಪ್ರಶ್ನೆ ಇಲ್ಲಿನ ಓದುಗರಿಗೂ ದೂರದ್ದಲ್ಲ. ಈ ವಿಷಯದಲ್ಲಿ ಅಮೆರಿಕದ ಸಂಸತ್ತು 1996ರಲ್ಲಿ ಒಂದು ನ್ಯಾಯಯುತವಾದ ತತ್ತ್ವವನ್ನು ಸ್ಥಾಪಿಸಿತು. ಆದರೆ ಸ್ಥಳಾಂತರದ ಆ ಒಂದು ವರ್ಷದ ಮಟ್ಟಿಗೆ ಕೆಲಸವನ್ನು ಅರ್ಧಕ್ಕೆ ಬಿಟ್ಟಿತು. ಉಳಿದರ್ಧದ ಭಾರವನ್ನು ಹೊರುತ್ತಿರುವವರು ವಯಸ್ಸಾದವರು.

1996ರ ಕಾಯ್ದೆ ಮತ್ತು ಅದರ ಹಿನ್ನೆಲೆ

ಆ ಕಾಯ್ದೆಗೆ ಮುನ್ನ ಕ್ಯಾಲಿಫೋರ್ನಿಯಾ ಮೊದಲಾದ ಕೆಲವು ರಾಜ್ಯಗಳ ವಾದ ಹೀಗಿತ್ತು: ಪಿಂಚಣಿ ಎಂಬುದು ತಡವಾಗಿ ಕೈಸೇರುವ ಸಂಬಳ, ಆ ಸಂಬಳವನ್ನು ದುಡಿದದ್ದು ನಮ್ಮ ನೆಲದಲ್ಲಿ, ದುಡಿಯುವಾಗ ಉಳಿತಾಯದ ಭಾಗಕ್ಕೆ ತೆರಿಗೆಯನ್ನು ಮುಂದೂಡಲು ಅವಕಾಶ ಕೊಟ್ಟವರೂ ನಾವೇ, ಆದುದರಿಂದ ವ್ಯಕ್ತಿ ಎಲ್ಲಿಗೇ ಹೋಗಲಿ, ನಮ್ಮ ಪಾಲು ನಮಗೆ ಬರಬೇಕು. ಈ ವಾದದ ಮೇಲೆ ನೆವಾಡಾದಲ್ಲಿ ನೆಲೆಸಿದ್ದ ನಿವೃತ್ತರಿಗೆ ಹಿಂದಿನ ರಾಜ್ಯದಿಂದ ತೆರಿಗೆಯ ನೋಟಿಸುಗಳು ಬರತೊಡಗಿದವು. ಹೊಸ ರಾಜ್ಯದಲ್ಲಿ ಆದಾಯ ತೆರಿಗೆಯೇ ಇಲ್ಲದ ಕಾರಣ ಅದರೆದುರು ವಜಾ ಮಾಡಿಕೊಳ್ಳಲೂ ಅವರಿಗೆ ಏನೂ ಇರಲಿಲ್ಲ. ತಾವು ಮತ ಹಾಕಲಾಗದ ರಾಜ್ಯಕ್ಕೆ, ತಾವು ಬಳಸದ ರಸ್ತೆ, ಆಸ್ಪತ್ರೆಗಳಿಗೆ ತೆರಿಗೆ ಕಟ್ಟಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು.

ನೆವಾಡಾದ ಪ್ರತಿನಿಧಿ ಬಾರ್ಬರಾ ವುಕನೊವಿಚ್ ಮಂಡಿಸಿದ ಮಸೂದೆಗೆ ಅಧ್ಯಕ್ಷ ಕ್ಲಿಂಟನ್ 1996ರ ಜನವರಿ 10ರಂದು ಸಹಿ ಹಾಕಿದರು. 1995ರ ಡಿಸೆಂಬರ್ 31ರ ನಂತರ ಕೈಸೇರುವ ಎಲ್ಲ ನಿವೃತ್ತಿ ಆದಾಯಕ್ಕೂ ಅನ್ವಯಿಸುವ ಈ ಕಾಯ್ದೆಯ ಸಾರ ಒಂದೇ ವಾಕ್ಯದಲ್ಲಿ ಅಡಗಿದೆ. ಒಬ್ಬ ವ್ಯಕ್ತಿ ತನ್ನ ನಿವಾಸಿಯಾಗಿಲ್ಲದಿದ್ದರೆ, ತನ್ನಲ್ಲಿ ಕಾಯಂ ನೆಲೆಯನ್ನೂ ಹೊಂದಿಲ್ಲದಿದ್ದರೆ, ಆತನ ನಿವೃತ್ತಿ ಆದಾಯದ ಮೇಲೆ ಯಾವ ರಾಜ್ಯವೂ ತೆರಿಗೆ ವಿಧಿಸುವಂತಿಲ್ಲ. ಹಣ ಎಲ್ಲಿ ದುಡಿದದ್ದು ಎಂಬುದು ಇನ್ನು ಮುಖ್ಯವಲ್ಲ. ಹಣ ಕೈಸೇರಿದ ದಿನ ವ್ಯಕ್ತಿ ಯಾವ ರಾಜ್ಯದವನು ಎಂಬುದೇ ಮುಖ್ಯ.

ಈ ತತ್ತ್ವ ಸರಿಯಾದುದು. ತೆರಿಗೆಯನ್ನು ಮುಂದೂಡಲು ಬಿಟ್ಟ ರಾಜ್ಯಕ್ಕೆ ಇದರಿಂದ ನಷ್ಟವಿದೆ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲವಾದರೂ, ವೃದ್ಧಾಪ್ಯದ ಅಗತ್ಯಗಳನ್ನು ಪೂರೈಸುವುದು ವ್ಯಕ್ತಿ ಈಗ ವಾಸಿಸುವ ರಾಜ್ಯವೇ ಆಗಿದೆ. ಹೊರಹೋದವರಿಂದ ಕಳೆದುಕೊಂಡದ್ದನ್ನು ಅದೇ ರಾಜ್ಯ ಒಳಬಂದವರಿಂದ ಒಂದಿಷ್ಟು ಪಡೆಯುತ್ತದೆ ಕೂಡ. ನಾಲ್ಕು ರಾಜ್ಯಗಳಲ್ಲಿ ದುಡಿದವನ ಒಂದೇ ಪಿಂಚಣಿಯನ್ನು ನಾಲ್ಕು ಭಾಗ ಮಾಡಿ ನಾಲ್ಕು ಕಡೆ ಲೆಕ್ಕ ಒಪ್ಪಿಸುವ ತೊಡಕಿಗಿಂತ ಒಂದೇ ನಿಯಮ ಎಲ್ಲರಿಗೂ ಮೇಲು.

ಹೊಸ ರಾಜ್ಯವೂ ಮನಬಂದಂತೆ ನಡೆದುಕೊಳ್ಳುವಂತಿಲ್ಲ. ತನ್ನ ನೌಕರರ ಪಿಂಚಣಿಗೆ ವಿನಾಯಿತಿ ಕೊಟ್ಟು ಒಕ್ಕೂಟ ಸರ್ಕಾರದ ನಿವೃತ್ತರ ಪಿಂಚಣಿಗೆ ಮಾತ್ರ ತೆರಿಗೆ ಹಾಕುವುದು ತಾರತಮ್ಯವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಮಿಶಿಗನ್ ರಾಜ್ಯದ ವಿರುದ್ಧ ತೀರ್ಪು ನೀಡಿತು. 2019ರಲ್ಲಿ ವೆಸ್ಟ್ ವರ್ಜೀನಿಯಾದ ಪ್ರಕರಣದಲ್ಲಿ ಅದೇ ನಿಲುವನ್ನು ಮತ್ತೊಮ್ಮೆ ದೃಢಪಡಿಸಿತು.

ಯಾವುದಕ್ಕೆ ರಕ್ಷಣೆ, ಯಾವುದಕ್ಕಿಲ್ಲ

ಕಾಯ್ದೆಯ ಹೆಸರು ಕೇಳಿ ನಿವೃತ್ತಿಯ ವೇಳೆ ಬರುವ ಹಣಕ್ಕೆಲ್ಲ ರಕ್ಷಣೆಯಿದೆಯೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಮಾನ್ಯತೆ ಪಡೆದ ಪಿಂಚಣಿ ಯೋಜನೆಗಳು, 401(ಕೆ), 403(ಬಿ) ಮತ್ತು 457 ಖಾತೆಗಳು, ವೈಯಕ್ತಿಕ ನಿವೃತ್ತಿ ಖಾತೆಯಾದ ಐಆರ್‌ಎ, ಸರ್ಕಾರಿ ಪಿಂಚಣಿ, ಇವು ರಕ್ಷಣೆಯೊಳಗೆ ಬರುತ್ತವೆ. ದೊಡ್ಡ ಕಂಪನಿಗಳು ಹಿರಿಯ ಅಧಿಕಾರಿಗಳಿಗೆ ನೀಡುವ ಮಾನ್ಯತೆಯಿಲ್ಲದ ಮುಂದೂಡಿದ ವೇತನಕ್ಕೆ ಷರತ್ತು ಇದೆ. ಅದು ಜೀವಮಾನವಿಡೀ ಅಥವಾ ಕನಿಷ್ಠ 10 ವರ್ಷಗಳ ಕಾಲ ಹೆಚ್ಚುಕಡಿಮೆ ಸಮಾನ ಕಂತುಗಳಲ್ಲಿ ಬಂದರೆ ಮಾತ್ರ, ಕೆಲವು ಸೀಮಿತ ಅಪವಾದಗಳನ್ನು ಬಿಟ್ಟರೆ, ರಕ್ಷಣೆಗೆ ಅರ್ಹ. ಐದು ಕಂತುಗಳಲ್ಲಿ ಪಡೆಯಲು ಒಪ್ಪಿದವರು ರಾಜ್ಯ ಬಿಟ್ಟು ಹೋದರೂ ಹಳೆಯ ರಾಜ್ಯದ ಹಿಡಿತ ತಪ್ಪುವುದಿಲ್ಲ.

ಷೇರು ಆಯ್ಕೆಗಳು ಮತ್ತು ನಿರ್ಬಂಧಿತ ಷೇರುಗಳಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಸಿಲಿಕಾನ್ ಕಣಿವೆಯಲ್ಲಿ ದುಡಿದ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ ದಿನಗಳ ಪ್ರಮಾಣಕ್ಕೆ ತಕ್ಕಂತೆ ಆ ಷೇರುಗಳ ಆದಾಯದ ಭಾಗಕ್ಕೆ, ವ್ಯಕ್ತಿ ಟೆಕ್ಸಾಸ್‌ಗೆ ಹೋದ ಮೇಲೂ, ಆ ರಾಜ್ಯ ತೆರಿಗೆ ಕೇಳುತ್ತದೆ. ಕೆಲಸ ಬಿಡುವಾಗ ಸಿಗುವ ಪರಿಹಾರ ಧನ, ಬಾಕಿ ಬೋನಸ್ಸು ಇವುಗಳದ್ದೂ ಇದೇ ಕಥೆ. ಹಳೆಯ ರಾಜ್ಯದಲ್ಲಿರುವ ಮನೆಯ ಬಾಡಿಗೆಯಾಗಲಿ ಅದರ ಮಾರಾಟದ ಲಾಭವಾಗಲಿ ಎಂದಿಗೂ ಆ ರಾಜ್ಯದ ತೆರಿಗೆ ವ್ಯಾಪ್ತಿಯಲ್ಲೇ ಉಳಿಯುತ್ತದೆ. ಒಕ್ಕೂಟ ಸರ್ಕಾರದ ಸಾಮಾಜಿಕ ಭದ್ರತಾ ಪಿಂಚಣಿಯ ವಿಷಯದಲ್ಲಿ ಮಾತ್ರ ಸಮಾಧಾನವಿದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಸೇರಿದಂತೆ ಬಹುತೇಕ ರಾಜ್ಯಗಳು ಅದಕ್ಕೆ ತೆರಿಗೆ ಹಾಕುವುದಿಲ್ಲ; ಮಿಸ್ಸೂರಿ, ನೆಬ್ರಾಸ್ಕಾ, ಕ್ಯಾನ್ಸಸ್ ರಾಜ್ಯಗಳು 2024ರಿಂದ ಅದನ್ನು ಕೈಬಿಟ್ಟಿವೆ.

ಸ್ಥಳಾಂತರದ ವರ್ಷದ ಲೆಕ್ಕ

ವರ್ಷದ ನಡುವೆ ರಾಜ್ಯ ಬದಲಿಸಿದವರನ್ನು ಅಲ್ಲಿನ ಕಾನೂನು ಭಾಗಶಃ ವರ್ಷದ ನಿವಾಸಿ ಎಂದು ಕರೆಯುತ್ತದೆ. ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಕ್ಯಾಲಿಫೋರ್ನಿಯಾದ ಬಾಡಿಗೆ ಮನೆಯಲ್ಲಿರುವ ನಿವೃತ್ತ ದಂಪತಿ ಜುಲೈ 1ರಂದು ಟೆಕ್ಸಾಸ್‌ನಲ್ಲಿರುವ ಮಗಳ ಊರಿಗೆ ಕಾಯಂ ಆಗಿ ಹೋಗುತ್ತಾರೆ. ಅವರಿಗೆ ತಿಂಗಳಿಗೆ 5,000 ಡಾಲರ್ ಖಾಸಗಿ ಪಿಂಚಣಿ ಬರುತ್ತದೆ. ಹೊಸ ಊರಿನಲ್ಲಿ ಮನೆ ಕೊಳ್ಳಲು ಮುಂಗಡ ಕೊಡಬೇಕೆಂದು ಅವರು 401(ಕೆ) ಖಾತೆಯಿಂದ 1,40,000 ಡಾಲರ್ ತೆಗೆಯುತ್ತಾರೆ. ವರ್ಷದ ಒಟ್ಟು ಆದಾಯ ಪಿಂಚಣಿಯ 60,000 ಸೇರಿ 2,00,000 ಡಾಲರ್.

ಕ್ಯಾಲಿಫೋರ್ನಿಯಾದ 540ಎನ್‌ಆರ್ ನಮೂನೆಯ ಕ್ರಮ ಹೀಗಿದೆ: ಮೊದಲು ಇಡೀ ವರ್ಷದ ಎಲ್ಲ ಆದಾಯಕ್ಕೂ ಪೂರ್ಣ ವರ್ಷದ ನಿವಾಸಿಯೆಂಬಂತೆ ತೆರಿಗೆ ಲೆಕ್ಕ ಹಾಕಿ ಸರಾಸರಿ ದರ ಕಂಡುಹಿಡಿಯುವುದು, ನಂತರ ಆ ದರವನ್ನು ಕ್ಯಾಲಿಫೋರ್ನಿಯಾಕ್ಕೆ ಸೇರಿದ ಆದಾಯಕ್ಕೆ ಮಾತ್ರ ಅನ್ವಯಿಸುವುದು. ಲೆಕ್ಕದ ಸೌಕರ್ಯಕ್ಕಾಗಿ 2,00,000 ಡಾಲರ್ ಮೇಲಿನ ಪೂರ್ಣ ತೆರಿಗೆ 10,000 ಡಾಲರ್ ಎಂದಿಟ್ಟುಕೊಳ್ಳೋಣ. ದಂಪತಿಯು ದೊಡ್ಡ ಮೊತ್ತವನ್ನು ಜೂನ್ ತಿಂಗಳಲ್ಲೇ ತೆಗೆದಿದ್ದರೆ ಆ ರಾಜ್ಯಕ್ಕೆ ಸೇರುವ ಆದಾಯ ಆರು ತಿಂಗಳ ಪಿಂಚಣಿಯ 30,000 ಮತ್ತು 1,40,000, ಒಟ್ಟು 1,70,000, ಅಂದರೆ ಶೇ. 85. ತೆರಿಗೆ 8,500 ಡಾಲರ್. ಅದೇ ಹಣವನ್ನು ಟೆಕ್ಸಾಸ್‌ನಲ್ಲಿ ನೆಲೆಯೂರಿದ ಮೇಲೆ ಆಗಸ್ಟ್‌ನಲ್ಲಿ ತೆಗೆದಿದ್ದರೆ ಕ್ಯಾಲಿಫೋರ್ನಿಯಾದ ಪಾಲು 30,000 ಮಾತ್ರ, ಅಂದರೆ ಶೇ. 15. ತೆರಿಗೆ 1,500 ಡಾಲರ್. ಒಕ್ಕೂಟದ ತೆರಿಗೆ ಎರಡೂ ಸಂದರ್ಭಗಳಲ್ಲಿ ಒಂದೇ. ಕೆಲವೇ ವಾರಗಳ ಅಂತರಕ್ಕೆ ತೆತ್ತ ಬೆಲೆ 7,000 ಡಾಲರ್.

ಈ ಬಲೆಗೆ ಬೀಳುವವರು ತೆರಿಗೆ ತಪ್ಪಿಸುವವರಲ್ಲ, ನಿಯಮ ತಿಳಿಯದ ಸಾಮಾನ್ಯರು. ಹೊಸ ಊರಿನಲ್ಲಿ ಮನೆಗೆ ಮುಂಗಡ ಕೊಡಲು ಹೊರಡುವ ಮುನ್ನವೇ ಹಣ ತೆಗೆಯುವುದು ಯಾರಿಗಾದರೂ ಸಹಜವಾಗಿ ತೋಚುವ ಕ್ರಮ. ಹಿಮ್ಮುಖ ಪ್ರಯಾಣದಲ್ಲಿ ನಿಯಮವೂ ಹಿಮ್ಮುಖ. ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾದ ಮಗನ ಮನೆಗೆ ಬರುವ ಹಿರಿಯರು ದೊಡ್ಡ ಮೊತ್ತ ಬೇಕಿದ್ದರೆ ಹೊರಡುವ ಮುನ್ನವೇ ತೆಗೆಯುವುದು ಲೇಸು. ನಿವಾಸಿಯಾದ ಮೇಲೆ ಕೈಸೇರುವ ಹಣ ಎಲ್ಲಿಯದೇ ದುಡಿಮೆಯಾಗಿದ್ದರೂ ಕ್ಯಾಲಿಫೋರ್ನಿಯಾದ ತೆರಿಗೆಗೆ ಒಳಪಡುತ್ತದೆ. ಒಂದು ನಿವೃತ್ತಿ ಖಾತೆಯಿಂದ ಇನ್ನೊಂದು ಸಾಂಪ್ರದಾಯಿಕ ಖಾತೆಗೆ ನೇರವಾಗಿ ವರ್ಗಾಯಿಸಿದ ಹಣ ಆದಾಯವೆನಿಸುವುದಿಲ್ಲ. ಆದರೆ ಸಾಂಪ್ರದಾಯಿಕ ಐಆರ್‌ಎಯನ್ನು ರಾತ್ ಖಾತೆಗೆ ಪರಿವರ್ತಿಸಿದರೆ ಪರಿವರ್ತನೆಯ ದಿನದ ವಾಸಸ್ಥಾನವೇ ನಿರ್ಣಾಯಕ. ಕಡ್ಡಾಯ ವಾರ್ಷಿಕ ಹಿಂಪಡೆತದ ಮೊದಲ ಕಂತನ್ನು, ಈಗ 73 ವರ್ಷ ತುಂಬುವ ವರ್ಷಕ್ಕೆ ಸೇರಿದ್ದನ್ನು, ಮುಂದಿನ ವರ್ಷದ ಏಪ್ರಿಲ್ 1ರವರೆಗೆ ಮುಂದೂಡಲು ಕಾನೂನೇ ಅವಕಾಶ ಕೊಟ್ಟಿದೆ. ಸ್ಥಳಾಂತರದ ಹೊಸ್ತಿಲಲ್ಲಿರುವವರು ಇದನ್ನೂ ನೆನಪಿಡಬೇಕು.

ಅರ್ಧಕ್ಕೆ ಉಳಿದ ನ್ಯಾಯ

ಮೇಲಿನ ಉದಾಹರಣೆಯಲ್ಲಿ ದಂಪತಿಯು ಸರಿಯಾಗಿಯೇ ನಡೆದುಕೊಂಡು ಆಗಸ್ಟ್‌ನಲ್ಲಿ ಹಣ ತೆಗೆದರೆಂದೇ ಇಟ್ಟುಕೊಳ್ಳೋಣ. ಆಗಲೂ ಕ್ಯಾಲಿಫೋರ್ನಿಯಾಕ್ಕೆ 1,500 ಡಾಲರ್ ಏಕೆ? ಆ 1,40,000 ಡಾಲರ್ ಇಲ್ಲದಿದ್ದರೆ ಅವರ ವರ್ಷದ ಆದಾಯ 60,000 ಮಾತ್ರ. ಕೆಳಗಿನ ಶ್ರೇಣಿಗಳ ದರದಲ್ಲಿ 30,000 ಡಾಲರ್‌ಗೆ ತಗಲುತ್ತಿದ್ದುದು ಕೆಲವು ನೂರು ಡಾಲರ್‌ಗಳಷ್ಟೆ. ಟೆಕ್ಸಾಸ್‌ನಲ್ಲಿ ಬಂದ ಹಣವನ್ನು ಕ್ಯಾಲಿಫೋರ್ನಿಯಾ ನೇರವಾಗಿ ಮುಟ್ಟಲಾರದು; ಆದರೆ ತನ್ನ ಪಾಲಿನ ಆದಾಯದ ದರವನ್ನು ಏರಿಸಲು ಅದನ್ನು ಬಳಸಿಕೊಳ್ಳುತ್ತದೆ. ನ್ಯೂಯಾರ್ಕ್ ರಾಜ್ಯದ್ದೂ ಇದೇ ಮಾದರಿ. ಇಡೀ ವರ್ಷದ ಆದಾಯಕ್ಕೆ ತೆರಿಗೆ ಲೆಕ್ಕ ಹಾಕಿ ನ್ಯೂಯಾರ್ಕಿನ ಆದಾಯದ ಪ್ರಮಾಣದಿಂದ ಗುಣಿಸುವುದು.

ಇದನ್ನು ಸಮರ್ಥಿಸುವವರ ವಾದಕ್ಕೆ ತೂಕವಿಲ್ಲದಿಲ್ಲ. ಏರುಮುಖ ದರಗಳ ವ್ಯವಸ್ಥೆಯಲ್ಲಿ ವರ್ಷಕ್ಕೆ ಎರಡು ಲಕ್ಷ ಡಾಲರ್ ಗಳಿಸುವವನು ಅರ್ಧ ವರ್ಷ ಮಾತ್ರ ಇದ್ದನೆಂಬ ಕಾರಣಕ್ಕೆ ಬಡವನ ದರದ ಲಾಭ ಪಡೆಯಬಾರದು ಎಂಬುದು ಅವರ ಅಂಬೋಣ. ಸಂಬಳದಾರನಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ನಿವೃತ್ತನ ಖಾತೆಯಿಂದ ಒಮ್ಮೆಲೆ ಹೊರಬರುವ ದೊಡ್ಡ ಮೊತ್ತ ಆ ವರ್ಷದ ಗಳಿಕೆಯಲ್ಲ. ಅದು ಮೂವತ್ತು ವರ್ಷಗಳ ಉಳಿತಾಯ. ಅದನ್ನು ಒಂದು ವರ್ಷದ ಶಕ್ತಿಯ ಅಳತೆಗೋಲಾಗಿ ಹಿಡಿಯುವುದು ತರ್ಕಕ್ಕೆ ನಿಲ್ಲುವುದಿಲ್ಲ. ಮೇಲಾಗಿ 1996ರ ಕಾಯ್ದೆಯು ಯಾವ ಹಣವನ್ನು ಹಳೆಯ ರಾಜ್ಯದ ಕೈಯಿಂದ ಹೊರಗಿಟ್ಟಿತೋ ಅದನ್ನೇ ಹಿಂಬಾಗಿಲಿನಿಂದ ಲೆಕ್ಕದೊಳಗೆ ತರುವುದು ಕಾಯ್ದೆಯ ಆಶಯಕ್ಕೆ ವಿರುದ್ಧ. ಕಾಯ್ದೆ ರಕ್ಷಿಸಿದ ನಿವೃತ್ತಿ ಆದಾಯವನ್ನು ದರ ನಿರ್ಧಾರದ ಲೆಕ್ಕದಿಂದಲೂ ಕೈಬಿಡುವುದೇ ನ್ಯಾಯ.

ಸಾಕ್ಷ್ಯದ ಭಾರ

ಎರಡನೆಯ ಕೊರತೆ ಇನ್ನೂ ಗಂಭೀರವಾದುದು. ಯಾರು ತನ್ನ ನಿವಾಸಿ ಎಂಬುದನ್ನು ಆಯಾ ರಾಜ್ಯದ ಕಾನೂನಿನ ಪ್ರಕಾರವೇ ನಿರ್ಧರಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ತೆರಿಗೆ ಕೇಳುವ ರಾಜ್ಯವೇ ವ್ಯಾಖ್ಯಾನವನ್ನೂ ಮಾಡುತ್ತದೆ. ಕಾನೂನಿನ ಪರಿಭಾಷೆಯಲ್ಲಿ ಡೊಮಿಸೈಲ್ ಎನ್ನಲಾಗುವ ಕಾಯಂ ನೆಲೆಯು ಮನುಷ್ಯನ ಉದ್ದೇಶವನ್ನು ಅವಲಂಬಿಸಿದ್ದು; ಒಮ್ಮೆ ಸ್ಥಾಪಿತವಾದರೆ, ಇನ್ನೊಂದು ಸ್ಥಾಪಿತವಾಗುವ ತನಕ ಅದು ಬಿಟ್ಟುಹೋಗುವುದಿಲ್ಲ. ನ್ಯೂಯಾರ್ಕಿನಲ್ಲಿ ಕಾಯಂ ನೆಲೆ ಬದಲಾಯಿತೆಂಬುದನ್ನು ಸ್ಪಷ್ಟವಾದ, ಮನವರಿಕೆಯಾಗುವ ಸಾಕ್ಷ್ಯದಿಂದ ಸಾಬೀತುಪಡಿಸುವ ಹೊಣೆ ಬದಲಾಯಿತೆಂದು ಹೇಳುವವರ ಮೇಲಿದೆ. ಅಷ್ಟೇ ಅಲ್ಲ, ಅಲ್ಲಿ ವರ್ಷದ ಹೆಚ್ಚುಕಡಿಮೆ ಪೂರ್ತಿ ಕಾಲ ಶಾಶ್ವತ ವಾಸಯೋಗ್ಯ ಮನೆ ಇಟ್ಟುಕೊಂಡು 183 ದಿನಗಳಿಗಿಂತ ಹೆಚ್ಚು ಕಾಲ ಇದ್ದವರನ್ನು, ಕಾಯಂ ನೆಲೆ ಎಲ್ಲಿಯೇ ಇರಲಿ, ನಿವಾಸಿಯೆಂದೇ ಪರಿಗಣಿಸಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಒಂಬತ್ತು ತಿಂಗಳಿಗಿಂತ ಹೆಚ್ಚು ಕಾಲ ಕಳೆದವರು ನಿವಾಸಿಗಳೆಂಬ ಪೂರ್ವಗ್ರಹಿಕೆಯಿದೆ.

ಎರಡು ರಾಜ್ಯಗಳು ಒಬ್ಬನನ್ನೇ ತನ್ನವನೆಂದು ಹೇಳಿದರೆ? ಅಂಥದ್ದು ನಡೆದಿದೆ. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಒಡೆಯ ಜಾನ್ ಡೋರನ್ಸ್ 1930ರಲ್ಲಿ ತೀರಿಕೊಂಡಾಗ ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿ ಎರಡೂ ರಾಜ್ಯಗಳ ನ್ಯಾಯಾಲಯಗಳು ಆತನ ಕಾಯಂ ನೆಲೆ ತಮ್ಮಲ್ಲಿಯೇ ಇತ್ತೆಂದು ತೀರ್ಮಾನಿಸಿದವು. ಎರಡೂ ಕಡೆ ಮರಣಾನಂತರದ ತೆರಿಗೆ ಬಿತ್ತು. ಸುಪ್ರೀಂ ಕೋರ್ಟ್ ನಡುವೆ ಬರಲು ಒಪ್ಪಲಿಲ್ಲ. ಕೋಟ್ಯಧೀಶನ ಉತ್ತರಾಧಿಕಾರಿಗಳು ವಕೀಲರನ್ನಿಟ್ಟು ಹೋರಾಡಬಲ್ಲರು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ದಾಖಲೆಗಳ ಮಟ್ಟದಲ್ಲೂ ವ್ಯವಸ್ಥೆ ಆಕೆಗೆ ನೆರವಾಗುವುದಿಲ್ಲ. ಪಿಂಚಣಿ ಸಂಸ್ಥೆಗಳು ವರ್ಷಾಂತ್ಯಕ್ಕೆ ಕೊಡುವ 1099-ಆರ್ ಪ್ರಮಾಣ ಪತ್ರದಲ್ಲಿ ಇಡೀ ವರ್ಷದ ಮೊತ್ತ ಒಟ್ಟಾಗಿ ಇರುತ್ತದೆಯೇ ಹೊರತು ಯಾವ ಹಣ ಯಾವ ದಿನ ಸಂದಾಯವಾಯಿತೆಂದು ಬಿಡಿಬಿಡಿಯಾಗಿ ಇರುವುದಿಲ್ಲ. ತೆರಿಗೆಯ ನಿರ್ಧಾರ ದಿನಾಂಕದ ಮೇಲೆ ನಿಂತಿದೆ, ಪ್ರಮಾಣ ಪತ್ರದಲ್ಲಿ ದಿನಾಂಕವೇ ಇಲ್ಲ. ಸಂಸ್ಥೆಯ ಕಡತದಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ಹಳೆಯ ರಾಜ್ಯದ ಹೆಸರಿನಲ್ಲೇ ತೆರಿಗೆ ಕಡಿತವಾಗಬಹುದು. ಅದನ್ನು ಮರಳಿ ಪಡೆಯಲು ಆ ರಾಜ್ಯಕ್ಕೆ ರಿಟರ್ನ್ ಸಲ್ಲಿಸಿ ಕಾಯಬೇಕು.

ಊರಿಗೆ ಮರಳುವವರ ವಿಷಯ

ಸ್ಥಳಾಂತರವು ಟೆಕ್ಸಾಸ್‌ಗೆ ಬದಲು ಬೆಂಗಳೂರಿಗೋ ಧಾರವಾಡಕ್ಕೋ ಆದರೂ 1996ರ ಕಾಯ್ದೆ ರಕ್ಷಿಸುತ್ತದೆ. ಹಳೆಯ ರಾಜ್ಯದ ನಿವಾಸಿಯಾಗಿಲ್ಲದಿದ್ದರೆ ಸಾಕು, ಹೊಸ ಊರು ಅಮೆರಿಕದಲ್ಲೇ ಇರಬೇಕೆಂದಿಲ್ಲ. ಆದರೆ ಒಂದೆರಡು ವರ್ಷ ಇದ್ದು ನೋಡೋಣ ಎಂದು, ಕ್ಯಾಲಿಫೋರ್ನಿಯಾದ ಮನೆಯನ್ನು ಹಾಗೇ ಇಟ್ಟುಕೊಂಡು ಬರುವವರು ಎಚ್ಚರದಿಂದಿರಬೇಕು. ತಾತ್ಕಾಲಿಕವಾಗಿ ಹೊರಗಿರುವವರನ್ನು ಆ ರಾಜ್ಯ ತನ್ನ ನಿವಾಸಿಯೆಂದೇ ಎಣಿಸಬಹುದು. ಆಗ ಭಾರತ ಮತ್ತು ಅಮೆರಿಕದ ನಡುವೆ 1989ರಲ್ಲಿ ಸಹಿಯಾದ ದ್ವಿತೆರಿಗೆ ನಿವಾರಣಾ ಒಪ್ಪಂದವೂ ನೆರವಿಗೆ ಬಾರದು. ಅದು ಒಳಗೊಳ್ಳುವುದು ಒಕ್ಕೂಟದ ಆದಾಯ ತೆರಿಗೆಯನ್ನೇ ಹೊರತು ರಾಜ್ಯಗಳ ಆದಾಯ ತೆರಿಗೆಯನ್ನಲ್ಲ.

ಹೀಗೆ ತೆತ್ತ ರಾಜ್ಯ ತೆರಿಗೆಗೆ ಭಾರತದಲ್ಲಿ ಪರಿಹಾರವಿದೆಯೇ ಎಂಬ ಪ್ರಶ್ನೆಗೆ ಸಂಬಂಧಿಸಿದಂತೆ ಕರ್ನಾಟಕ ಉಚ್ಚ ನ್ಯಾಯಾಲಯವು 2015ರಲ್ಲಿ ವಿಪ್ರೋ ಕಂಪನಿಯ ಪ್ರಕರಣದಲ್ಲಿ ನೀಡಿದ ತೀರ್ಪು ಗಮನಾರ್ಹ. ಒಪ್ಪಂದದ ವ್ಯಾಪ್ತಿಗೆ ಬಾರದ ರಾಜ್ಯ ಮಟ್ಟದ ಆದಾಯ ತೆರಿಗೆಗೂ 1961ರ ಕಾಯ್ದೆಯ 91ನೇ ಕಲಮಿನಡಿ ಪರಿಹಾರ ಸಲ್ಲುತ್ತದೆಂದು ನ್ಯಾಯಾಲಯ ಹೇಳಿತು. ಅದು ಕಂಪನಿಯೊಂದರ ವ್ಯವಹಾರದ ಆದಾಯಕ್ಕೆ ಸಂಬಂಧಿಸಿದ್ದು, ಪಿಂಚಣಿಗಲ್ಲ. ಆದರೂ ಅದರ ತರ್ಕ ಮರಳಿ ಬಂದ ನಿವೃತ್ತರಿಗೂ ಒಂದು ಆಧಾರವಾಗಬಲ್ಲದು. ಇನ್ನೊಂದು ಅಂಶ: ಭಾರತದಲ್ಲಿ ಭಾಗಶಃ ವರ್ಷದ ನಿವಾಸಿ ಎಂಬ ಕಲ್ಪನೆಯೇ ಇಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಇಡೀ ವರ್ಷಕ್ಕೆ ಒಂದೇ ಸ್ಥಾನಮಾನ. ಮರಳಿದ ಮೊದಲ ವರ್ಷಗಳಲ್ಲಿ ಅರ್ಹರಾದವರಿಗೆ ದೊರೆಯುವ ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಎಂಬ ಸ್ಥಾನ, ಹಾಗೂ ಅಮೆರಿಕ, ಬ್ರಿಟನ್, ಕೆನಡಾಗಳ ನಿವೃತ್ತಿ ಖಾತೆಗಳಿಗಾಗಿ 2021ರಲ್ಲಿ ಸೇರಿಸಲಾದ 89ಎ ಕಲಮಿನ ಸೌಲಭ್ಯ, ಇವೆರಡನ್ನೂ ಹಣ ತೆಗೆಯುವ ಮುನ್ನವೇ ಪರಿಶೀಲಿಸಬೇಕು. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಅನ್ವಯವಾಗುವುದರಿಂದ ಕಲಮುಗಳ ಸಂಖ್ಯೆಗಳನ್ನು ಹೊಸ ಕಾಯ್ದೆಯಲ್ಲಿ ಹುಡುಕಿಕೊಳ್ಳಬೇಕಾಗುತ್ತದೆ.

ಆಗಬೇಕಾದುದೇನು

ಅಮೆರಿಕದ ಸಂಸತ್ತು ಮನಸ್ಸು ಮಾಡಿದರೆ 1996ರ ಕಾಯ್ದೆಯನ್ನು ಪೂರ್ಣಗೊಳಿಸಲು ಮೂರು ಸಣ್ಣ ತಿದ್ದುಪಡಿಗಳು ಸಾಕು. ಒಂದು, ಸ್ಥಳಾಂತರದ ನಂತರ ಕೈಸೇರಿದ ರಕ್ಷಿತ ನಿವೃತ್ತಿ ಆದಾಯವನ್ನು ಹಳೆಯ ರಾಜ್ಯ ತನ್ನ ದರದ ಲೆಕ್ಕಕ್ಕೆ ಸೇರಿಸಬಾರದು. ಎರಡು, ನಿವೃತ್ತಿ ಆದಾಯದ ಮಟ್ಟಿಗಾದರೂ ವಾಸಸ್ಥಾನಕ್ಕೆ ಎಲ್ಲ ರಾಜ್ಯಗಳಿಗೂ ಅನ್ವಯವಾಗುವ ಏಕರೂಪದ ವ್ಯಾಖ್ಯಾನ ಇರಬೇಕು. ಎರಡು ರಾಜ್ಯಗಳು ಒಂದೇ ದಿನಕ್ಕೆ ಒಬ್ಬರ ಮೇಲೆ ಹಕ್ಕು ಸಾಧಿಸುವಂತಿರಬಾರದು. ಮೂರು, ವಿಳಾಸ ಬದಲಾದ ವರ್ಷದಲ್ಲಿ 1099-ಆರ್ ಪ್ರಮಾಣ ಪತ್ರವು ಸಂದಾಯದ ದಿನಾಂಕಗಳನ್ನು ಒಳಗೊಂಡಿರಬೇಕು. 2006ರಲ್ಲಿ ನಿವೃತ್ತ ಪಾಲುದಾರರಿಗೂ ರಕ್ಷಣೆಯನ್ನು ವಿಸ್ತರಿಸಿ ಈ ಕಾಯ್ದೆಯನ್ನು ಒಮ್ಮೆ ತಿದ್ದಲಾಗಿದೆ. ಮತ್ತೊಮ್ಮೆ ತಿದ್ದಲು ಅಡ್ಡಿಯೇನೂ ಇಲ್ಲ.

ಅಲ್ಲಿಯವರೆಗೆ ನಿವೃತ್ತರು ಪಾಲಿಸಬೇಕಾದ ಕ್ರಮ ಸರಳ. ಆದಾಯ ತೆರಿಗೆ ಹೆಚ್ಚಿರುವ ರಾಜ್ಯವನ್ನು ಬಿಡುವವರು ಮೊದಲು ಮನೆ ಬದಲಿಸಿ, ಆಮೇಲೆ ಹಣ ತೆಗೆಯಬೇಕು. ಸಾಧ್ಯವಾದರೆ ದೊಡ್ಡ ಮೊತ್ತವನ್ನು ಮುಂದಿನ ಜನವರಿಗೆ ಮುಂದೂಡಿದರೆ ದರ ಏರಿಕೆಯ ತೊಡಕೂ ತಪ್ಪುತ್ತದೆ. ಚಾಲನಾ ಪರವಾನಗಿ, ಮತದಾರರ ನೋಂದಣಿ, ವಾಹನ ನೋಂದಣಿ, ಬ್ಯಾಂಕ್ ಮತ್ತು ಪಿಂಚಣಿ ಸಂಸ್ಥೆಗಳಲ್ಲಿನ ವಿಳಾಸ ಇವೆಲ್ಲವನ್ನೂ ಹೊಸ ಊರು ಸೇರಿದ ಕೂಡಲೇ ಬದಲಿಸಬೇಕು. ಪತಿ ಹೊಸ ಊರಿನಲ್ಲಿ, ಪತ್ನಿ ಹಳೆಯ ಮನೆಯಲ್ಲಿ ಎಂಬ ಸ್ಥಿತಿ ದೀರ್ಘವಾದಷ್ಟೂ ವಾದ ದುರ್ಬಲವಾಗುತ್ತದೆ. ಸಾಮಾನು ಸಾಗಿಸಿದ ರಸೀದಿ, ಹೊಸ ಮನೆಯ ಬಾಡಿಗೆ ಕರಾರು, ತಿಂಗಳುವಾರು ಪಿಂಚಣಿ ವಿವರಗಳನ್ನು ಒಂದು ಕಡತದಲ್ಲಿ ಜೋಪಾನವಾಗಿ ಇಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಕೇವಲ ತೆರಿಗೆಗಾಗಿ ಊರು ಬದಲಿಸುವುದು ವಿವೇಕವಲ್ಲ. ಸಾಧಾರಣ ಪಿಂಚಣಿಯ ಮೇಲೆ ಕ್ಯಾಲಿಫೋರ್ನಿಯಾದ ತೆರಿಗೆ ಅಷ್ಟೇನೂ ಭಾರವಲ್ಲ; ಅಲ್ಲಿ ಸ್ವಂತ ಮನೆಯಿದ್ದವರಿಗೆ 1978ರ 13ನೇ ಪ್ರಸ್ತಾವದಿಂದಾಗಿ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದು. ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆ ಇಲ್ಲದಿದ್ದರೂ ಮನೆ ತೆರಿಗೆಯ ದರ ಸಾಕಷ್ಟು ಹೆಚ್ಚು. ಒಂದು ಕೈಯಲ್ಲಿ ಉಳಿಸಿದ್ದು ಇನ್ನೊಂದು ಕೈಯಲ್ಲಿ ಹೋಗಬಹುದು. ಎಲ್ಲಿ ನೆಲೆಸಬೇಕೆಂಬುದನ್ನು ಮಕ್ಕಳು, ಆರೋಗ್ಯ ಮತ್ತು ಮನಸ್ಸಿನ ನೆಮ್ಮದಿ ನಿರ್ಧರಿಸಲಿ. ಯಾವ ದಿನ ಹಣ ತೆಗೆಯಬೇಕೆಂಬುದನ್ನು ಮಾತ್ರ ಕಾನೂನು ಬಲ್ಲವರನ್ನು ಕೇಳಿ, ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳುವುದು ಒಳಿತು. ಹಣ ಖಾತೆಗೆ ಜಮೆಯಾದ ಮೇಲೆ ಆ ದಿನಾಂಕವನ್ನು ತಿದ್ದುವ ಉಪಾಯ ಯಾವ ಲೆಕ್ಕಪರಿಶೋಧಕನ ಬಳಿಯೂ ಇರುವುದಿಲ್ಲ.